ನಮ್ಮ ಲೆಕ್ಕ ನಾವೇ ಇಟ್ಟುಕೊಳ್ಳೋಣ: ಸ್ಕ್ರೀನ್‌ಶಾಟ್‌ನಿಂದ ದಾಖಲೆಯವರೆಗೆ



ನಮ್ಮ ಪುಟಕ್ಕೆ ನೀವು ಕಳಿಸೋದರಲ್ಲಿ ಹೆಚ್ಚಿನದು ಸ್ಕ್ರೀನ್‌ಶಾಟ್. ನೇಮಕಾತಿ ಪ್ರಕಟಣೆಯ ಅರ್ಧ ಪುಟ, ಶಾಲೆಗಳ ಪಟ್ಟಿಯ ಒಂದು ತುಂಡು, ಕನ್ನಡ ಅಳಿಸಿದ ಬೋರ್ಡಿನ ಮಸುಕು ಫೋಟೋ. ಅದು ಯಾವ ಜಾಲತಾಣದ್ದು, ಯಾವ ದಿನ ತೆಗೆದದ್ದು, ಮೇಲೆ ಕೆಳಗೆ ಏನಿತ್ತು, ಯಾವುದೂ ಗೊತ್ತಾಗಲ್ಲ. ಎರಡು ದಿನ ಕಾಮೆಂಟುಗಳಲ್ಲಿ ಜೋರು ಚರ್ಚೆ ನಡೆಯುತ್ತೆ. ಮೂರನೇ ದಿನ ಎಲ್ಲರೂ ಮರೀತಾರೆ. ಆರು ತಿಂಗಳ ಮೇಲೆ ಮನವಿ ಹಿಡಿದು ಕಚೇರಿಗೆ ಹೋದಾಗ ಅಧಿಕಾರಿ ಕೇಳೋದು ಒಂದೇ ಪ್ರಶ್ನೆ: ದಾಖಲೆ ಎಲ್ಲಿದೆ? ಅಷ್ಟರಲ್ಲಿ ಆ ಪುಟವೇ ಬದಲಾಗಿರುತ್ತೆ, ಇಲ್ಲವೇ ಕೊಂಡಿ ಒತ್ತಿದರೆ "ಪುಟ ಸಿಗಲಿಲ್ಲ" ಅಂತ ಬರುತ್ತೆ.

ಬ್ಯಾಂಕಿನಲ್ಲಿ ವೋಚರ್ ಇಲ್ಲದ ಎಂಟ್ರಿಯನ್ನು ಯಾವ ಆಡಿಟರೂ ಒಪ್ಪಲ್ಲ. ಮೊತ್ತ ಸರಿಯಿದ್ದರೂ ಒಪ್ಪಲ್ಲ. ನಮ್ಮ ಹಕ್ಕಿನ ಮಾತೂ ಹಾಗೇ ಆಗಿದೆ. ನಾವು ಹೇಳೋದು ನಿಜ, ಆದರೆ ವೋಚರ್ ಇಲ್ಲ.

ಅದಕ್ಕೇ ಈ ವಾರದ ಮಾತು ಇದು: ನಮ್ಮ ಬಗ್ಗೆ ಸರ್ಕಾರಿ ಜಾಲತಾಣಗಳಲ್ಲಿ ಏನೇನಿದೆಯೋ ಅದನ್ನ ನಾವೇ, ನಾವೇ ಬರೆದ ನಿಯಮದ ಪ್ರಕಾರ, ದಿನಾಂಕದ ಸಮೇತ ತೆಗೆದಿಟ್ಟುಕೊಳ್ಳಬೇಕು. ಇದಕ್ಕೆ ದೊಡ್ಡ ಸಂಸ್ಥೆ ಬೇಡ, ದುಡ್ಡೂ ಬೇಡ. ತಾಲೂಕಿಗೆ ಇಬ್ಬರು ಹುಡುಗ ಹುಡುಗಿಯರು, ಒಂದು ಹಳೇ ಲ್ಯಾಪ್‌ಟಾಪ್, ಸ್ವಲ್ಪ ಶಿಸ್ತು ಸಾಕು.

ಅಂಕಿ ಯಾಕೆ ಬೇಕು

ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳೆಲ್ಲ ಅಂಕಿಯ ಮೇಲೆ ನಿಂತಿವೆ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸೋ ಸೌಲಭ್ಯದ ಮಾತಾಡುತ್ತೆ. 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯನ್ನು ಕೊಡುತ್ತೆ. ಎರಡೂ 1956ರ ಏಳನೇ ತಿದ್ದುಪಡಿಯಲ್ಲಿ ಸೇರಿದವು. ಅಂದರೆ ರಾಜ್ಯಗಳ ಗಡಿ ಬರೆದ ಅದೇ ತಿದ್ದುಪಡಿಯೇ ಗಡಿಯಾಚೆ ಉಳಿದ ನಮಗೆ ಈ ಮಾತನ್ನೂ ಕೊಟ್ಟಿತು.

ಇದನ್ನು ಜಾರಿಗೆ ತರೋ ಸೂತ್ರಗಳನ್ನು ನೋಡಿ. ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಇದ್ದರೆ ಅವರ ಭಾಷೆಯಲ್ಲಿ ಕಲಿಸೋಕೆ ಕನಿಷ್ಠ ಒಬ್ಬ ಶಿಕ್ಷಕರು ಬೇಕು. ಜಿಲ್ಲೆ, ತಾಲೂಕು, ಪುರಸಭೆಯಂಥ ಪ್ರದೇಶದಲ್ಲಿ ಶೇ. 15ರಷ್ಟು ಜನ ಆ ಭಾಷೆಯವರಿದ್ದರೆ ಮುಖ್ಯ ನಿಯಮ, ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕು. ಜಿಲ್ಲೆಯಲ್ಲಿ ಶೇ. 60 ದಾಟಿದರೆ ಎರಡನೇ ಆಡಳಿತ ಭಾಷೆಯ ಮಾತು ಬರುತ್ತೆ. 10, 40, 15, 60. ಈ ನಾಲ್ಕು ಅಂಕಿ ನಮ್ಮ ಹುಡುಗರಿಗೆ ಬಾಯಿಪಾಠ ಆಗಬೇಕು. ಯಾಕಂದರೆ "ನಿಮ್ಮಲ್ಲಿ ಅಷ್ಟು ಮಕ್ಕಳಿಲ್ಲ", "ಅಷ್ಟು ಜನ ಇಲ್ಲ" ಅನ್ನೋ ಉತ್ತರ ಬರೋದು ಈ ಅಂಕಿಗಳ ಹೆಸರಲ್ಲೇ. ಆಗ ನಮ್ಮ ಕೈಯಲ್ಲೂ ಲೆಕ್ಕ ಇರಬೇಕು.

2021ರ ಜೂನ್ ನೆನಪಿದೆಯಾ? ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಊರ ಹೆಸರುಗಳನ್ನು ಮಲಯಾಳಕ್ಕೆ ತಿರುಗಿಸ್ತಿದ್ದಾರೆ ಅಂತ ದೊಡ್ಡ ಸುದ್ದಿ ಆಯ್ತು. ಅಂಥ ತೀರ್ಮಾನ ಏನೂ ಇಲ್ಲ ಅಂತ ಕೇರಳ ಸರ್ಕಾರ ಹೇಳಿತು. ಆ ಹೊತ್ತಿಗೆ ನಮ್ಮ ಹತ್ತಿರ ಇರಬೇಕಾಗಿದ್ದದ್ದು ಏನು? ಪಂಚಾಯತಿ, ಗ್ರಾಮ ಕಚೇರಿಗಳ ಪುಟಗಳಲ್ಲಿ ಊರ ಹೆಸರು 2015ರಲ್ಲಿ ಹೇಗಿತ್ತು, 2018ರಲ್ಲಿ ಹೇಗಿತ್ತು, 2021ರಲ್ಲಿ ಹೇಗಿದೆ ಅನ್ನೋ ಒಂದು ಪಟ್ಟಿ. ಅದಿದ್ದಿದ್ದರೆ ವಾದವೇ ಬೇಕಿರಲಿಲ್ಲ. ಬದಲಾಗಿದ್ದರೆ ಬದಲಾಗಿದೆ ಅಂತ, ಇಲ್ಲದಿದ್ದರೆ ಇಲ್ಲ ಅಂತ ಪಟ್ಟಿಯೇ ಹೇಳ್ತಿತ್ತು.

ಜರಡಿ ಮತ್ತು ಅದರ ಕಣ್ಣು

ಜಾಲತಾಣದಿಂದ ಬೇಕಾದ್ದನ್ನು ಯಂತ್ರದಿಂದ ಆರಿಸಿ ತೆಗೆಯೋದಕ್ಕೆ ಸ್ಕ್ರೇಪಿಂಗ್ ಅಂತಾರೆ. ಹೆಸರು ಕೇಳಿ ಹೆದರಬೇಡಿ. ನಾವು ಕಣ್ಣಲ್ಲಿ ನೋಡೋ ಪುಟದ ಹಿಂದೆ ಎಚ್‌ಟಿಎಂಎಲ್ ಅನ್ನೋ ಬರಹ ಇರುತ್ತೆ. ಶೀರ್ಷಿಕೆ ಇಲ್ಲಿ, ಕೋಷ್ಟಕ ಇಲ್ಲಿ, ಚಿತ್ರ ಇಲ್ಲಿ ಅಂತ ಅದರಲ್ಲಿ ಗುರುತು ಹಾಕಿರುತ್ತೆ. ಯಾವ ಗುರುತಿನ ಒಳಗಿರೋದನ್ನು ತೆಗೀಬೇಕು ಅಂತ ನಾವು ಹೇಳೋ ಮಾತೇ ಪಾರ್ಸಿಂಗ್ ನಿಯಮ. ಪುಟ ಅನ್ನೋದು ರಾಶಿ, ನಿಯಮ ಅನ್ನೋದು ಜರಡಿ.

ಸಾಧನ ಬೇಕಾದಷ್ಟಿವೆ. ಬಿಕಾಂ ಮಾಡಿದವರಿಗೆ ಎಕ್ಸೆಲ್ ಗೊತ್ತೇ ಇದೆ. ಅದರ ಡೇಟಾ ಟ್ಯಾಬಿನಲ್ಲಿ "ಫ್ರಮ್ ವೆಬ್" ಅಂತ ಇದೆ, ಪುಟದ ವಿಳಾಸ ಕೊಟ್ಟರೆ ಅಲ್ಲಿನ ಕೋಷ್ಟಕಗಳನ್ನು ಎತ್ತಿ ತರುತ್ತೆ. ಗೂಗಲ್ ಶೀಟ್ಸ್‌ನಲ್ಲಿ "ಇಂಪೋರ್ಟ್ ಎಚ್‌ಟಿಎಂಎಲ್" ಅನ್ನೋ ಸೂತ್ರ ಇದೆ. ಬ್ರೌಸರಿಗೆ ಸೇರಿಸಿಕೊಳ್ಳೋ ಎಕ್ಸ್‌ಟೆನ್ಷನ್‌ಗಳಲ್ಲಿ ಪುಟದ ಮೇಲೆ ಕ್ಲಿಕ್ ಮಾಡಿಯೇ ನಿಯಮ ಕಟ್ಟಬಹುದು. ಪೈಥಾನ್ ಬರೋರಿಗೆ ಬ್ಯೂಟಿಫುಲ್ ಸೂಪ್, ಸ್ಕ್ರೇಪಿ ಇವೆ. ಇಡೀ ತಾಣವನ್ನೇ ಪ್ರತಿ ಮಾಡಿಡೋಕೆ ಎಚ್‌ಟಿಟ್ರ್ಯಾಕ್, ವಿಗೆಟ್ ಇವೆ. ಇವುಗಳಲ್ಲಿ ಹೆಚ್ಚಿನವು ಉಚಿತ.

ಸಾಧನ ಯಾವುದಾದರೂ ಇರಲಿ, ಒಂದು ಮಾತು ನೆನಪಿಡಿ: ನಿಯಮವನ್ನು ಪ್ರೋಗ್ರಾಮಿನ ಒಳಗೆ ಹೂತಿಡಬೇಡಿ. ಬೇರೆ ಒಂದು ಸಣ್ಣ ಕಡತದಲ್ಲಿ, ಯಾರು ಓದಿದರೂ ಅರ್ಥವಾಗೋ ಹಾಗೆ ಇಡಿ. ಹೀಗೆ:

ಶಾಲೆಯ ಹೆಸರು: ಪುಟದ ಮುಖ್ಯ ಶೀರ್ಷಿಕೆ
ಶಾಲಾ ಸಂಕೇತ: "ಯುಡೈಸ್" ಎಂಬ ಮಾತಿನ ಪಕ್ಕದ ಮನೆ
ಮಾಧ್ಯಮ: "ಮಾಧ್ಯಮ" ಎಂಬ ಮಾತಿನ ಪಕ್ಕದ ಮನೆ
ಮಕ್ಕಳ ಸಂಖ್ಯೆ: ತರಗತಿವಾರು ಕೋಷ್ಟಕದ ಎಲ್ಲ ಸಾಲು
ಚಿತ್ರ: ಕೋಷ್ಟಕದ ಮೇಲಿರೋ ಚಿತ್ರದ ಮೂಲ ಪ್ರತಿ
ಸಿಗದಿದ್ದರೆ: "ಸಿಗಲಿಲ್ಲ" ಎಂದು ಬರೆ

ಹೀಗೆ ಇಟ್ಟರೆ ಲಾಭ ಏನು? ಕಾಸರಗೋಡಿನ ಹುಡುಗಿ ಬರೆದ ನಿಯಮವನ್ನು ಅಕ್ಕಲಕೋಟೆಯ ಹುಡುಗ ತಗೊಂಡು, ಮಲಯಾಳದ "ಮಾಧ್ಯಮ" ಅನ್ನೋ ಜಾಗದಲ್ಲಿ ಮರಾಠಿಯ ಮಾತು ಹಾಕಿಕೊಂಡರೆ ಸಾಕು. ಹೊಸೂರಿನವರು ತಮಿಳಿನ ಮಾತು ಹಾಕ್ತಾರೆ, ರಾಯದುರ್ಗದವರು ತೆಲುಗಿನದು. ಪ್ರೋಗ್ರಾಮ್ ಒಂದೇ, ನಿಯಮ ಊರಿಗೊಂದು. ಆರು ರಾಜ್ಯಗಳಲ್ಲಿ ಚದುರಿಹೋದ ನಮಗೆ ಇದಕ್ಕಿಂತ ಒಳ್ಳೆ ಏರ್ಪಾಡು ಸಿಗಲ್ಲ.

ಇನ್ನೊಂದು ಗಮನಿಸಿದಿರಾ? ಮೇಲೆ "4ನೇ ಸಾಲು" ಅಂತ ಎಲ್ಲೂ ಬರೆದಿಲ್ಲ, "ಈ ಮಾತಿನ ಪಕ್ಕದ ಮನೆ" ಅಂತ ಬರೆದಿದೆ. ಸರ್ಕಾರಿ ಪುಟದಲ್ಲಿ ನಾಳೆ ಒಂದು ಸಾಲು ಹೊಸದಾಗಿ ಸೇರಿದರೆ 4ನೇ ಸಾಲು 5ನೇದಾಗುತ್ತೆ. ಆಗ ಯಂತ್ರ ಶೌಚಾಲಯದ ಸಂಖ್ಯೆ ತಂದು ಮಾಧ್ಯಮದ ಕಾಲಮಿನಲ್ಲಿ ಇಡುತ್ತೆ, ತಪ್ಪು ಅಂತ ಕೂಗೋದೂ ಇಲ್ಲ.

ಸೊನ್ನೆ ಬೇರೆ, ಖಾಲಿ ಬೇರೆ

ಈ ಕೆಲಸದಲ್ಲಿ ದೊಡ್ಡ ಅಪಾಯ ಇರೋದು ಇಲ್ಲೇ. ಯಂತ್ರಕ್ಕೆ ಕನ್ನಡ ಮಕ್ಕಳ ಸಂಖ್ಯೆ ಸಿಗಲಿಲ್ಲ ಅಂದುಕೊಳ್ಳಿ. ಪುಟ ತೆರೆಯದೇ ಇದ್ದಿರಬಹುದು, "ಸಮಯ ಮೀರಿದೆ, ಮತ್ತೆ ಲಾಗಿನ್ ಆಗಿ" ಅನ್ನೋ ಪುಟ ಬಂದಿರಬಹುದು, ಕಾಗುಣಿತ ಹೊಂದದೇ ಇದ್ದಿರಬಹುದು. ನಮ್ಮ ನಿಯಮ ಅದನ್ನು 0 ಅಂತ ಬರೆದುಬಿಟ್ಟರೆ? ಆ ಶಾಲೆಯಲ್ಲಿ ಕನ್ನಡ ಮಕ್ಕಳೇ ಇಲ್ಲ ಅಂತ ನಾವೇ ದಾಖಲೆ ಮಾಡಿಕೊಟ್ಟ ಹಾಗೆ. ನಾಳೆ ಶಿಕ್ಷಕರ ಹುದ್ದೆ ತೆಗೆಯೋರಿಗೆ ಇದಕ್ಕಿಂತ ಒಳ್ಳೆ ಕಾಗದ ಬೇಕಾ? "ನಿಮ್ಮ ಸಂಘಟನೆಯ ಪಟ್ಟಿಯೇ ಹೇಳ್ತಿದೆ" ಅಂತಾರೆ.

ಅದಕ್ಕೇ "ಸಿಗಲಿಲ್ಲ" ಅನ್ನೋದಕ್ಕೆ ಬೇರೆ ಗುರುತು ಇರಲೇಬೇಕು. ದಿನದ ಕೊನೆಗೆ ಎಷ್ಟು ಪುಟ ತೆರೆದೆವು, ಎಷ್ಟರಲ್ಲಿ ಮಾಹಿತಿ ಸಿಕ್ಕಿತು, ಎಷ್ಟರಲ್ಲಿ ಸಿಗಲಿಲ್ಲ ಅಂತ ಟ್ಯಾಲಿ ಮಾಡಿ. ಕ್ಯಾಷ್ ಟ್ಯಾಲಿ ಆಗದೆ ಕೌಂಟರ್ ಮುಚ್ಚೋ ಹಾಗಿಲ್ಲ. ಇಲ್ಲೂ ಅಷ್ಟೇ.

ಕನ್ನಡ ಅಂತ ಹುಡುಕಿದರೆ ಕನ್ನಡವೇ ಸಿಗುತ್ತಾ

ಸಿಗಲ್ಲ! ಮಹಾರಾಷ್ಟ್ರದ ಜಾಲತಾಣಗಳಲ್ಲಿ ಮರಾಠಿಯಲ್ಲಿ "ಕನ್ನಡ" ಅಂತ ಹುಡುಕಿ ನೋಡಿ. ಔರಂಗಾಬಾದ್, ಅಂದರೆ ಈಗಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಕನ್ನಡ ತಾಲೂಕು ಎದುರಿಗೆ ಬಂದು ನಿಲ್ಲುತ್ತೆ. ಆ ತಾಲೂಕಿನ ಮರಾಠಿ ಶಾಲೆಗಳೆಲ್ಲ ನಮ್ಮ ಪಟ್ಟಿಗೆ ಸೇರಿಕೊಳ್ತವೆ. ಅದನ್ನು ಹಾಗೇ ಮಂತ್ರಾಲಯಕ್ಕೆ ಕಳಿಸಿದರೆ ಮುಂದಿನ ಹತ್ತು ವರ್ಷ ನಮ್ಮ ಯಾವ ಪಟ್ಟಿಯನ್ನೂ ಯಾರೂ ತೆರೆದು ನೋಡಲ್ಲ. ಆದ್ದರಿಂದ ನಿಯಮ ಹೀಗಿರಬೇಕು: "ಕನ್ನಡ" ಅನ್ನೋ ಮಾತು ಮಾಧ್ಯಮದ ಮನೆಯಲ್ಲಿದ್ದರೆ ಮಾತ್ರ ತಗೋ, ವಿಳಾಸದ ಮನೆಯಲ್ಲಿದ್ದರೆ ಬಿಡು.

ಕೇರಳದ ಕಡೆ ತೊಡಕು ಬೇರೆ. ಮಲಯಾಳದಲ್ಲಿ "ಸ್ಕೂಳ್" ಅಂತ ಬರೆಯುವಾಗ ಕೊನೆಯ ಅಕ್ಷರ ಒಂದು ಚಿಲ್ಲು. ಈ ಚಿಲ್ಲುಗಳಿಗೆ ಯುನಿಕೋಡಿನಲ್ಲಿ ಸ್ವಂತ ಸಂಕೇತ ಬಂದದ್ದು 2008ರ 5.1ನೇ ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಅದನ್ನು ಮೂರು ಸಂಕೇತ ಜೋಡಿಸಿ ಬರೀತಿದ್ದರು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ, ಯಂತ್ರಕ್ಕೆ ಎರಡೂ ಬೇರೆ ಮಾತು. ಒಂದನ್ನೇ ಹುಡುಕಿದರೆ ಹಳೇ ಪುಟಗಳ ಶಾಲೆಗಳು ತಪ್ಪಿಹೋಗ್ತವೆ. ಹುಡುಕೋ ಮುಂಚೆ ಹಳೇ ರೂಪವನ್ನು ಹೊಸ ರೂಪಕ್ಕೆ ತಿರುಗಿಸೋ ಒಂದು ಸಾಲು ನಿಯಮದಲ್ಲಿ ಇರಲಿ.

ನಮ್ಮ ಕನ್ನಡಕ್ಕೂ ಇಂಥ ಕಾಟ ಇದೆ. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಪಿಡಿಎಫ್‌ನಿಂದ ಅಕ್ಷರ ತೆಗೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತೆ. ಯುನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಬ್ಲಾಕ್ ಇದೆ. ತೆಗೆದ ಬರಹದಲ್ಲಿ ಆ ಬ್ಲಾಕಿನ ಅಕ್ಷರ ಒಂದೂ ಇಲ್ಲದಿದ್ದರೆ "ಲಿಪಿ ನೋಡಿ" ಅಂತ ಗುರುತು ಹಾಕಿ. ಆಮೇಲೆ ಪರಿವರ್ತಕ ಬಳಸಿ ಯುನಿಕೋಡಿಗೆ ತನ್ನಿ. ಸ್ಕ್ಯಾನ್ ಮಾಡಿದ ಹಾಳೆ ಆದರೆ ಟೆಸೆರಾಕ್ಟ್ ಅನ್ನೋ ಉಚಿತ ತಂತ್ರಾಂಶ ಕನ್ನಡ ಓದುತ್ತೆ. ಆದರೆ ಅದು ಓದಿದ್ದನ್ನು ಮನುಷ್ಯರು ಮತ್ತೊಮ್ಮೆ ಓದಲೇಬೇಕು.

ಊರ ಹೆಸರಿನ ಕತೆಯಂತೂ ಕೇಳಬೇಡಿ. ನಾವು ಸೊಲ್ಲಾಪುರ ಅಂತೀವಿ, ದಾಖಲೆ ಸೋಲಾಪುರ ಅನ್ನುತ್ತೆ, ಹಳೇ ದಾಖಲೆ ಶೋಲಾಪುರ ಅನ್ನುತ್ತೆ. ನಮಗೆ ಜತ್ತ, ಅವರಿಗೆ ಜತ್. ನಮಗೆ ಆದವಾನಿ, ಅವರಿಗೆ ಆದೋನಿ. ನಮಗೆ ರಾಯದುರ್ಗ, ಅವರಿಗೆ ರಾಯದುರ್ಗಂ. ಹೊಸೂರು ಅಂತ ಹುಡುಕಿದರೆ ಕರ್ನಾಟಕದ ಉದ್ದಗಲದ ಹೊಸೂರುಗಳೆಲ್ಲ ಸಾಲುಗಟ್ಟಿ ಬರ್ತವೆ. ಹಾಗಾಗಿ ಪ್ರತಿ ತಾಲೂಕಿನವರೂ ಊರ ಹೆಸರಿನ ಎಲ್ಲ ರೂಪಗಳ ಒಂದು ಪಟ್ಟಿ ಮಾಡಿ ನಿಯಮದ ಕಡತಕ್ಕೆ ಸೇರಿಸಬೇಕು. ಇದನ್ನ ಯಾವ ಬೆಂಗಳೂರಿನ ಐಟಿ ಎಂಜಿನಿಯರೂ ಮಾಡಿಕೊಡೋಕಾಗಲ್ಲ. ನಿಮ್ಮೂರ ಹೆಸರು ಎಷ್ಟು ಥರ ಕೆಟ್ಟಿದೆ ಅಂತ ನಿಮಗೇ ಗೊತ್ತು.

ಶಾಲೆಗಳಿಗಾದರೆ ಹೆಸರಿಗಿಂತ ಸಂಕೇತ ಗಟ್ಟಿ. ಯುಡೈಸ್ ಸಂಕೇತ 11 ಅಂಕಿಯದು. ಮೊದಲ ಎರಡು ಅಂಕಿ ರಾಜ್ಯದ್ದು: ಕೇರಳ 32, ತಮಿಳುನಾಡು 33, ಮಹಾರಾಷ್ಟ್ರ 27, ಆಂಧ್ರ 28, ತೆಲಂಗಾಣ 36, ಗೋವಾ 30. ಆಮೇಲೆ ಜಿಲ್ಲೆ, ಬ್ಲಾಕ್, ಹಳ್ಳಿ, ಕೊನೆಗೆ ಶಾಲೆ. ಬೋರ್ಡಿನ ಮೇಲೆ ಹೆಸರು ಹೇಗೇ ಬರೆದಿರಲಿ, ಈ ಸಂಕೇತ ಇದ್ದರೆ ಶಾಲೆ ಕೈ ತಪ್ಪಲ್ಲ.

ಜನಗಣತಿಯ ಕೋಷ್ಟಕದಲ್ಲಿ ಕಾಲು ಜಾರೋ ಜಾಗಗಳು

2011ರ ಜನಗಣತಿಯ ಸಿ-16 ಕೋಷ್ಟಕ ನಮ್ಮ ಮೂಲ ದಾಖಲೆ. ಮಾತೃಭಾಷೆಯ ಲೆಕ್ಕ ರಾಜ್ಯ, ಜಿಲ್ಲೆ, ತಾಲೂಕಿನವರೆಗೂ ಅದರಲ್ಲಿದೆ, ಎಕ್ಸೆಲ್ ಕಡತವಾಗಿಯೇ ಸಿಗುತ್ತೆ. ಆದರೆ ಸುಮ್ಮನೆ ಕಾಲಂ ಕೂಡಿಸಿಬಿಟ್ಟರೆ ಲೆಕ್ಕ ದುಪ್ಪಟ್ಟಾಗುತ್ತೆ. ಯಾಕಂದರೆ ಅದರಲ್ಲಿ ಮೊದಲು "ಕನ್ನಡ" ಅನ್ನೋ ಭಾಷೆಯ ಒಟ್ಟು ಸಾಲು, ಅದರ ಕೆಳಗೆ ಕನ್ನಡ, ಬಡಗ, ಕುರುಬ ಅಂತ ಮಾತೃಭಾಷೆಗಳ ಬೇರೆ ಬೇರೆ ಸಾಲು. ಜೊತೆಗೆ ರಾಜ್ಯದ ಸಾಲು, ಜಿಲ್ಲೆಯ ಸಾಲು, ತಾಲೂಕಿನ ಸಾಲು ಎಲ್ಲ ಒಂದೇ ಹಾಳೆಯಲ್ಲಿ. ಇಡೀ ದೇಶದಲ್ಲಿ ಕನ್ನಡದ ತಲೆಬರಹದಡಿ 4.37 ಕೋಟಿ ಜನ, ಅದರೊಳಗೇ ಬಡಗ ಮಾತಾಡೋರು 1,33,550. ನೀಲಗಿರಿಯ ಗೆಳೆಯರು ಬಡಗವನ್ನು ಬೇರೆ ಕಾಲಮಿನಲ್ಲಿ ಇಡಿ. ತಮ್ಮ ನುಡಿಯನ್ನು ಏನಂತ ಕರೆಯಬೇಕು ಅನ್ನೋದು ಬಡಗರು ಹೇಳಬೇಕಾದ ಮಾತು. ನಮ್ಮ ಸಂಖ್ಯೆ ದೊಡ್ಡದಾಗಿ ಕಾಣಲಿ ಅಂತ ನಾವು ಕೂಡಿಸಿಬಿಡೋದು ಸರಿಯಲ್ಲ. ನಮ್ಮ ಮೇಲೆ ಆದದ್ದನ್ನು ನಾವು ಇನ್ನೊಬ್ಬರ ಮೇಲೆ ಮಾಡಬಾರದು.

ಗಡಿಗಳೂ ಅಲುಗಾಡಿವೆ. 2011ರ ಕೋಷ್ಟಕದಲ್ಲಿ ಮಂಜೇಶ್ವರ ತಾಲೂಕನ್ನು ಹುಡುಕಿದರೆ ಸಿಗಲ್ಲ, ಆಗಿನ್ನೂ ಅದು ಕಾಸರಗೋಡು ತಾಲೂಕಿನ ಒಳಗಿತ್ತು. ತಾಳವಾಡಿಯ ಲೆಕ್ಕ ಸತ್ಯಮಂಗಲದ ಹೊಟ್ಟೆಯಲ್ಲಿದೆ. ಮಡಕಶಿರಾ ಆಗ ಅನಂತಪುರ ಜಿಲ್ಲೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ನಾರಾಯಣಪೇಟೆ 2019ರಲ್ಲಿ ಜಿಲ್ಲೆಯಾಯ್ತು. ಹೆಚ್ಚು ಕನ್ನಡಿಗರಿರೋ ಸಣ್ಣ ಪ್ರದೇಶದ ಲೆಕ್ಕ ದೊಡ್ಡ ತಾಲೂಕಿನೊಳಗೆ ಸೇರಿಕೊಂಡಾಗ ಶೇಕಡಾವಾರು ಕರಗಿಹೋಗುತ್ತೆ. ತಾಳವಾಡಿಯವರು ಶೇ. 15ರ ಮಾತೆತ್ತಿದಾಗ ಸತ್ಯಮಂಗಲದ ಅಂಕಿ ತೋರಿಸೋರಿಗೆ ಈ ವಿಷಯ ಹೇಳೋಕೆ ನಮಗೆ ಬರಬೇಕು. ಹಳೇ ತಾಲೂಕು, ಹೊಸ ತಾಲೂಕು, ಹಳೇ ಸಂಕೇತ, ಹೊಸ ಸಂಕೇತ ಅಂತ ಒಂದು ಜೋಡಿಪಟ್ಟಿ ಈಗಲೇ ಮಾಡಿಟ್ಟರೆ 2027ರ ಜನಗಣತಿಯ ಅಂಕಿ ಬಂದ ದಿನವೇ ಹೋಲಿಸಬಹುದು.

ಚಿತ್ರ ಉಳಿಸೋದು

ಚಿತ್ರದ ವಿಷಯದಲ್ಲಿ ನಾಲ್ಕು ಮಾತು. ಮೊದಲನೇದು, ಪುಟದಲ್ಲಿ ಕಾಣೋದು ಹೆಚ್ಚಿನ ಸಲ ಸಣ್ಣ ಪ್ರತಿ. ಅದನ್ನೇ ಇಳಿಸಿಕೊಂಡರೆ ಸುತ್ತೋಲೆಯ ಅಕ್ಷರ ಓದೋಕಾಗಲ್ಲ. ಅದು ಯಾವ ದೊಡ್ಡ ಕಡತಕ್ಕೆ ಕೊಂಡಿ ಹಾಕಿದೆ ಅಂತ ನೋಡಿ ಅದನ್ನು ತರೋ ಹಾಗೆ ನಿಯಮ ಬರೀಬೇಕು. ಕೆಲವು ತಾಣಗಳಲ್ಲಿ ಪುಟ ಕೆಳಗೆ ಸರಿಸಿದ ಮೇಲೇ ಚಿತ್ರ ಬರುತ್ತೆ. ಅಲ್ಲಿ ಯಂತ್ರಕ್ಕೆ ಸಿಗೋದು ಬರೀ ಖಾಲಿ ಚೌಕ, ನಿಜವಾದ ವಿಳಾಸ ಬೇರೆ ಗುರುತಿನಲ್ಲಿ ಅಡಗಿರುತ್ತೆ.

ಎರಡನೇದು, ಹೆಸರು. "ಇಮೇಜ್ 1" ಅನ್ನೋ ಹೆಸರಿನ ಚಿತ್ರ ನೂರು ತಾಣಗಳಲ್ಲಿ ಇರುತ್ತೆ, ಒಂದರ ಮೇಲೊಂದು ಬರೆದುಕೊಂಡು ಹಳೇದು ಹೋಗುತ್ತೆ. ದಿನಾಂಕ, ತಾಲೂಕು, ಮೂಲ, ಕ್ರಮಸಂಖ್ಯೆ ಸೇರಿಸಿ ಹೆಸರು ಕೊಡಿ. ಯಾವ ಪುಟದಿಂದ ಬಂತು, ಅದರ ಕೆಳಗೆ ಏನು ಬರೆದಿತ್ತು ಅನ್ನೋದನ್ನ ಶೀಟಿನಲ್ಲಿ ಅದೇ ಸಾಲಿನಲ್ಲಿ ಇಡಿ. ಚಿತ್ರ ಒಂದು ಕಡೆ, ವಿವರ ಒಂದು ಕಡೆ ಆದರೆ ಎರಡೂ ಅನಾಥ.

ಮೂರನೇದು, ವಾಟ್ಸಾಪ್. ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತೆ, ಯಾವಾಗ ಎಲ್ಲಿ ತೆಗೆದದ್ದು ಅನ್ನೋ ಒಳವಿವರವನ್ನೂ ಕಿತ್ತುಹಾಕುತ್ತೆ. ಬೋರ್ಡಿನ ಫೋಟೋ ತೆಗೆದವರು ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಪ್ರತಿ ಫೋನಿನಲ್ಲಿ ಇರಲಿ.

ನಾಲ್ಕನೇದು, ಬೇರೆಯವರು ತೆಗೆದ ಚಿತ್ರ ಅವರದ್ದೇ. 1957ರ ಕೃತಿಸ್ವಾಮ್ಯ ಕಾಯ್ದೆ ಜಾಲತಾಣದ ಚಿತ್ರಕ್ಕೂ ಅನ್ವಯಿಸುತ್ತೆ. ಗೆಜೆಟ್‌ನಲ್ಲಿ ಬಂದ ವಿಷಯಕ್ಕೆ ವಿನಾಯಿತಿ ಇದೆ, ಪತ್ರಿಕೆಯವರ ಫೋಟೋಗೆ ಇಲ್ಲ. ನೀವೇ ತೆಗೆದ ಬೋರ್ಡು, ಶಾಸನ, ಹಳೇ ಶಾಲಾ ಕಟ್ಟಡದ ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ನಮ್ಮ ಪುಟ ನಾಳೆ ಇರುತ್ತೋ ಇಲ್ಲವೋ, ಅಲ್ಲಿ ಉಳಿಯುತ್ತೆ.

ಕೋರ್ಟು, ಕಚೇರಿಯಲ್ಲಿ ನಿಲ್ಲಬೇಕಾದರೆ

2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾನೂನು, ಅಂದರೆ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಕಲಂ ವಿದ್ಯುನ್ಮಾನ ದಾಖಲೆಯ ಬಗ್ಗೆ. ದಾಖಲೆಯ ಜೊತೆ ಕೊಡೋ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ನಮೂದಿಸಬೇಕು. ಹ್ಯಾಶ್ ಅಂದರೆ ಕಡತದ ಹೆಬ್ಬೆಟ್ಟಿನ ಗುರುತು ಅನ್ನಿ. ಒಳಗೆ ಒಂದು ಅಕ್ಷರ ಬದಲಾದರೂ ಗುರುತು ಬದಲಾಗುತ್ತೆ. ಎಸ್‌ಎಚ್‌ಎ-256 ಅನ್ನೋ ಬಗೆಯ ಹ್ಯಾಶನ್ನು ಯಾವ ಕಂಪ್ಯೂಟರಿನಲ್ಲಾದರೂ ಒಂದು ಕ್ಷಣದಲ್ಲಿ ತೆಗೀಬಹುದು. ಪುಟ ಉಳಿಸಿದ ದಿನವೇ ಅದರ ಹ್ಯಾಶ್ ತೆಗೆದು ಶೀಟಿನಲ್ಲಿ ಬರೆದಿಡಿ.

ಜೊತೆಗೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿಗೂ ಪುಟದ ವಿಳಾಸ ಕೊಟ್ಟು ಅಲ್ಲೊಂದು ಪ್ರತಿ ಉಳಿಸಿ. ನಮ್ಮ ಕಂಪ್ಯೂಟರಿನ ದಿನಾಂಕವನ್ನು ಯಾರಾದರೂ ಅನುಮಾನಿಸಬಹುದು, ಮೂರನೆಯವರ ಹತ್ತಿರ ಇರೋ ದಿನಾಂಕವನ್ನು ಅಷ್ಟು ಸುಲಭವಾಗಿ ತಳ್ಳಿಹಾಕೋಕಾಗಲ್ಲ. ಆಯ್ದು ತೆಗೆದ ಮಾಹಿತಿ ಮಾತ್ರ ಸಾಲದು, ಮೂಲ ಪುಟವನ್ನೂ ಹಾಗ್ಹಾಗೇ ಇಡಿ. ನಿಯಮದಲ್ಲಿ ತಪ್ಪಿತ್ತು ಅಂತ ಮುಂದೆ ಗೊತ್ತಾದರೆ ಅದೇ ಪುಟದಿಂದ ಮತ್ತೆ ತೆಗೀಬಹುದು.

ಎಲ್ಲಿ ನಿಲ್ಲಬೇಕು

ಹುಮ್ಮಸ್ಸಿನಲ್ಲಿ ಗೆರೆ ದಾಟಬೇಡಿ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಓದಿಕೊಳ್ಳಿ. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರಿನಿಂದ ದತ್ತಾಂಶ ತೆಗೆಯೋದೂ, ಅದರ ಕೆಲಸಕ್ಕೆ ತಡೆ ಒಡ್ಡೋದೂ ಅದರೊಳಗೆ ಬರ್ತವೆ. ಆದ್ದರಿಂದ ಯಾರು ಬೇಕಾದರೂ ಓದಲಿ ಅಂತ ತೆರೆದಿಟ್ಟ ಪುಟ ಮಾತ್ರ. ತಾಣದ ಬಳಕೆಯ ಷರತ್ತು ಮೊದಲು ಓದಿ. ರೋಬೋಟ್ಸ್ ಅನ್ನೋ ಕಡತದಲ್ಲಿ "ಇಲ್ಲಿಗೆ ಯಂತ್ರ ಬರಬೇಡಿ" ಅಂತ ಬರೆದಿದ್ದರೆ ಹೋಗಬೇಡಿ. ಲಾಗಿನ್ ಕೇಳಿದರೆ, ಕ್ಯಾಪ್ಚಾ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಒಂದು ಪುಟಕ್ಕೂ ಇನ್ನೊಂದಕ್ಕೂ ನಡುವೆ ಕೆಲವು ಸೆಕೆಂಡು ಬಿಡಿ. ಜಿಲ್ಲಾ ಕಚೇರಿಯ ಬಡ ಸರ್ವರು ನಮ್ಮ ದಾಳಿಗೆ ಕುಸಿದು, ಪಡಿತರ ಚೀಟಿಗೆ ಅರ್ಜಿ ಹಾಕೋಕೆ ಕೂತ ಅಜ್ಜಿ ವಾಪಸ್ ಹೋಗೋ ಹಾಗಾಗಬಾರದು.

ವ್ಯಕ್ತಿಗಳ ಮಾಹಿತಿ ಬೇಡವೇ ಬೇಡ. ನೇಮಕಾತಿ ಪ್ರಕಟಣೆಯಿಂದ ಹುದ್ದೆ, ಸಂಖ್ಯೆ, ಕನ್ನಡ ಬಲ್ಲವರಿಗೆ ಅಂತ ಷರತ್ತು ಇದೆಯೋ ಇಲ್ಲವೋ, ಕೊನೇ ದಿನಾಂಕ, ಇಷ್ಟು ಸಾಕು. ಆಯ್ಕೆಯಾದವರ ಹೆಸರು, ಹುಟ್ಟಿದ ದಿನ, ಫೋನ್ ನಂಬರು, ಶಾಲಾ ಮಕ್ಕಳ ಮುಖದ ಚಿತ್ರ ನಮಗೆ ಯಾಕೆ? ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ಕಾಯ್ದೆಯೂ ಬಂದಿದೆ. ಕನ್ನಡ ಬಾರದ ಶಿಕ್ಷಕರು ಕನ್ನಡ ತರಗತಿಗೆ ಬಂದರು ಅಂತ ಮಕ್ಕಳು, ಹೆತ್ತವರು ಬೀದಿಗಿಳಿದದ್ದನ್ನು ಕಾಸರಗೋಡು ಕಂಡಿದೆ. ಅಲ್ಲೂ ನಮ್ಮ ದೂರು ನೇಮಕದ ಪದ್ಧತಿಯ ಮೇಲೆ. ಆ ಶಿಕ್ಷಕರ ಹೆಸರು, ಫೋಟೋ ಹಂಚೋದು ನಮ್ಮ ಕೆಲಸ ಅಲ್ಲ.

ಜಾಲತಾಣದಲ್ಲಿ ಇಲ್ಲದ್ದಕ್ಕೆ ಮಾಹಿತಿ ಹಕ್ಕು ಇದೆ. 2005ರ ಕಾಯ್ದೆಯ 4ನೇ ಕಲಂ ಪ್ರಕಾರ ಕಚೇರಿಗಳು ಎಷ್ಟೋ ಮಾಹಿತಿಯನ್ನು ಕೇಳದೆಯೇ ಪ್ರಕಟಿಸಬೇಕು. ನಮ್ಮ ಶೀಟಿನಲ್ಲಿ ಎಲ್ಲೆಲ್ಲಿ "ಸಿಗಲಿಲ್ಲ" ಅಂತ ಇದೆಯೋ ಅದೇ ನಮ್ಮ ಅರ್ಜಿಯ ಪ್ರಶ್ನೆಪಟ್ಟಿ. ಕೇಂದ್ರದ ಕಚೇರಿಗಳಿಗೆ ಅರ್ಜಿ ಶುಲ್ಕ 10 ರೂಪಾಯಿ.

ಇನ್ನು, ಯಂತ್ರ ತಂದದ್ದೆಲ್ಲ ಸತ್ಯ ಅಲ್ಲ. ಕೇರಳದಲ್ಲಿ ಕೈಟ್ ಸಂಸ್ಥೆ ನಡೆಸೋ ಸ್ಕೂಲ್ ವಿಕಿಯಲ್ಲಿ 15 ಸಾವಿರಕ್ಕೂ ಹೆಚ್ಚು ಶಾಲೆಗಳ ಪುಟ ಇವೆ. ಕಲಿಯೋಕೆ ಒಳ್ಳೆ ಜಾಗ, ವಿಕಿ ಆದ್ದರಿಂದ ಯಾವಾಗ ಏನು ಬದಲಾಯಿತು ಅನ್ನೋ ಇತಿಹಾಸವೂ ಅಲ್ಲೇ ಸಿಗುತ್ತೆ. ಆದರೆ ಅಲ್ಲಿ ಬರೆಯೋರು ಶಾಲೆಯವರೇ. ಅಂಕಿ ಹಳೇದಿರಬಹುದು, ಮಾಧ್ಯಮದ ಮನೆ ತುಂಬದೇ ಬಿಟ್ಟಿರಬಹುದು. ಹತ್ತು ಶಾಲೆಗೆ ಎರಡು ಶಾಲೆಯಾದರೂ ನೀವೇ ಹೋಗಿ, ಮೇಷ್ಟ್ರ ಹತ್ತಿರ ಮಾತಾಡಿ, ತರಗತಿಯಲ್ಲಿ ಎಷ್ಟು ಮಕ್ಕಳು ಕನ್ನಡದಲ್ಲಿ ಓದ್ತಿದ್ದಾರೆ ಕೇಳಿ ಬನ್ನಿ. ನಮ್ಮ ಶೀಟಿನಲ್ಲಿ "ಜಾಲತಾಣ ಹೇಳಿದ್ದು" ಒಂದು ಕಾಲಂ, "ನಾವು ನೋಡಿದ್ದು" ಇನ್ನೊಂದು ಕಾಲಂ. ಎರಡಕ್ಕೂ ನಡುವೆ ವ್ಯತ್ಯಾಸ ಎಲ್ಲಿದೆಯೋ ಅಲ್ಲಿಂದ ನಮ್ಮ ಮನವಿ ಶುರುವಾಗಬೇಕು.

ಈ ತಿಂಗಳ ಕೆಲಸ

ದೊಡ್ಡ ಯೋಜನೆ ಹಾಕಿಕೊಂಡು ಕೈಬಿಡೋದು ಬೇಡ. ಪ್ರತಿ ತಾಲೂಕಿನವರು ಮೂರೇ ಕೆಲಸ ಮಾಡಿ. ಒಂದು, ನಿಮ್ಮೂರು ಮತ್ತು ಸುತ್ತಲ ಊರುಗಳ ಹೆಸರಿನ ಎಲ್ಲ ರೂಪಗಳ ಪಟ್ಟಿ. ಎರಡು, ನಿಮ್ಮ ತಾಲೂಕಿನ ಕನ್ನಡ ಶಾಲೆಗಳ ಯುಡೈಸ್ ಸಂಕೇತಗಳ ಪಟ್ಟಿ. ಮೂರು, ನಿಮಗೆ ಸಂಬಂಧಿಸಿದ ಐದು ಸರ್ಕಾರಿ ಪುಟಗಳನ್ನು ಆರಿಸಿ, ಪ್ರತಿ ತಿಂಗಳ 1ನೇ ತಾರೀಕು ಉಳಿಸಿ, ಹ್ಯಾಶ್ ತೆಗೆದು ಶೀಟಿನಲ್ಲಿ ಬರೆಯೋದು. ಕಂಪ್ಯೂಟರ್ ಬಾರದವರು ಮೊದಲೆರಡನ್ನು ಮಾಡಬಹುದು. ಅಸಲಿಗೆ ಅದೇ ಕಷ್ಟದ ಕೆಲಸ, ಅದಕ್ಕೆ ಊರು ಗೊತ್ತಿರಬೇಕು.

ಪಟ್ಟಿಗಳನ್ನು ನಮ್ಮ ಪುಟಕ್ಕೆ ಕಳಿಸಿ. ನಿಯಮದ ಕಡತ ಎಲ್ಲರಿಗೂ ತೆರೆದಿರುತ್ತೆ, ತಪ್ಪು ಕಂಡವರು ತಿದ್ದಬಹುದು. ಒಂದು ವರ್ಷ ಬಿಡದೆ ಮಾಡಿದರೆ ಒಂದೊಂದು ತಾಲೂಕಿನಲ್ಲೂ ಐದು ಪುಟಗಳ ಹನ್ನೆರಡು ಪ್ರತಿ, ಅಂದರೆ ಅರವತ್ತು ದಾಖಲೆ. ಆಮೇಲೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆಯೋ ಪತ್ರದಲ್ಲಿ "ನಮಗೆ ಅನ್ಯಾಯವಾಗಿದೆ" ಅನ್ನೋ ಸಾಲಿನ ಕೆಳಗೆ ದಿನಾಂಕ, ವಿಳಾಸ, ಸಂಖ್ಯೆ ಇರುತ್ತೆ. ಯಾವ ಶಾಲೆ, ಯಾವ ತರಗತಿ, ಎಷ್ಟು ಮಕ್ಕಳು, ಶಿಕ್ಷಕರು ಎಂದಿನಿಂದ ಇಲ್ಲ, ಎಲ್ಲ ಇರುತ್ತೆ.

ಮೊದಲ ಪಟ್ಟಿ ಯಾವ ತಾಲೂಕಿನಿಂದ ಬರುತ್ತೆ? ಕಾಯ್ತಿದ್ದೇವೆ.